ಬಿಡ್ ಹಾಕುವ ಮೊದಲು ಅಂಕಿಯ ಅಂಚನ್ನು ನೋಡಿ

ಹರಾಜಿಗಿರುವ ಜೆರ್ಸಿ ಆಟಗಾರ ಪಂದ್ಯದಲ್ಲಿ ತೊಟ್ಟದ್ದೇ ಎನ್ನಲು ತಂಡದ ಪತ್ರವಿದೆ, ಟ್ಯಾಗಿನ ವರ್ಷ ಸರಿಯಿದೆ, ಕಂಕುಳಲ್ಲಿ ಬೆವರಿನ ಕಲೆಯೂ ಇದೆ, ಆದ್ದರಿಂದ ನಾಳೆ ಬಿಡ್ ಹಾಕುತ್ತೇನೆ ಎಂದು ನೀವು ಬರೆದಿರುವುದನ್ನು ಓದಿ ಸುಮ್ಮನಿರಲಾಗಲಿಲ್ಲ. ಇದೇ ಮೂರು ಕಾರಣಗಳನ್ನು ನಂಬಿ ನಾನೂ ಒಂದು ಬ್ಯಾಸ್ಕೆಟ್‌ಬಾಲ್ ಜೆರ್ಸಿಯನ್ನು ಕೊಂಡಿದ್ದೆ. ಪತ್ರದಲ್ಲಿ ಪಂದ್ಯದ ದಿನಾಂಕವೂ ಇತ್ತು. ಎರಡು ವರ್ಷಗಳ ನಂತರ ಆ ಪಂದ್ಯದ ಸ್ಪಷ್ಟವಾದ ದೊಡ್ಡ ಫೋಟೊಗಳು ಸಿಕ್ಕಾಗ ಜೆರ್ಸಿಯನ್ನು ಪಕ್ಕದಲ್ಲಿ ಹರಡಿಕೊಂಡು ಕುಳಿತೆ. ಫೋಟೊಗಳಲ್ಲಿ ಜೆರ್ಸಿಯ ಅಂಕಿಯ ಕೆಳಮೂಲೆಯು ಮೆಶ್‌ನ, ಅಂದರೆ ಸಣ್ಣ ರಂಧ್ರಗಳ ಬಲೆಬಟ್ಟೆಯ, ಒಂದು ರಂಧ್ರವನ್ನು ಅರ್ಧಕ್ಕೆ ಮುಚ್ಚಿತ್ತು. ನನ್ನ ಜೆರ್ಸಿಯಲ್ಲಿ ಅದೇ ಮೂಲೆ ಎರಡು ರಂಧ್ರಗಳ ನಡುವೆ ಕುಳಿತಿತ್ತು. ಆಟಗಾರ ಅಂದು ತೊಟ್ಟದ್ದು ಬೇರೆ ಜೆರ್ಸಿ ಎಂದು ತಿಳಿಯಲು ಅಷ್ಟೇ ಸಾಕಾಯಿತು.

ಅಂಕಿಗಳನ್ನು ಒಂದೊಂದು ಜೆರ್ಸಿಗೂ ಪ್ರತ್ಯೇಕವಾಗಿ ಕೂರಿಸಿ ಹೊಲಿಯುವುದರಿಂದ, ಅಂಚು ಯಾವ ರಂಧ್ರದ ಮೇಲೆ ಬೀಳುತ್ತದೆ ಎಂಬುದು ಎರಡು ಜೆರ್ಸಿಗಳಲ್ಲಿ ಎಲ್ಲೆಡೆ ಒಂದೇ ಆಗಿರುವುದು ತೀರಾ ಅಪರೂಪ. ಕಲೆಯನ್ನು ಯಾರು ಬೇಕಾದರೂ ಮಾಡಬಹುದು, ನಿಜವಾದ ಕಲೆ ಒಗೆದರೆ ಹೋಗಲೂಬಹುದು. 1986ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮರಡೋನಾ ತೊಟ್ಟಿದ್ದ ಅಂಗಿ 2022ರಲ್ಲಿ ಹರಾಜಿಗೆ ಬಂದಾಗ, ಅದು ಗೋಲು ಹೊಡೆದ ದ್ವಿತೀಯಾರ್ಧದ್ದಲ್ಲ, ಪ್ರಥಮಾರ್ಧದ್ದು ಎಂದು ಅವರ ಮಗಳೇ ತಕರಾರು ತೆಗೆದರು. ಪಂದ್ಯದ ನಂತರ ಮರಡೋನಾ ಜೊತೆ ಅಂಗಿಯನ್ನು ಬದಲಾಯಿಸಿಕೊಂಡಿದ್ದ ಇಂಗ್ಲೆಂಡ್ ಆಟಗಾರ ಸ್ಟೀವ್ ಹಾಡ್ಜ್ ಅವರ ಮಾತೊಂದನ್ನೇ ನೆಚ್ಚಿಕೊಳ್ಳದೆ, ಹರಾಜು ನಡೆಸಿದ ಸದಬೀಸ್ ಸಂಸ್ಥೆಯು ಲಾಂಛನ, ಪಟ್ಟೆ ಮತ್ತು ಅಂಕಿಗಳನ್ನು ಗೋಲುಗಳ ಫೋಟೊಗಳೊಡನೆ ಹೋಲಿಸಿದ ವರದಿಯನ್ನು ಮುಂದಿಟ್ಟಿತು. ಅಂಗಿ ಸುಮಾರು 71 ಲಕ್ಷ ಪೌಂಡಿಗೆ ಮಾರಾಟವಾಯಿತು.

ಆದರೆ ಒಂದೇ ಗುರುತು ಹೊಂದಿತೆಂದು ಕುಣಿಯಬೇಡಿ. ಬಟ್ಟೆ ಮಡಚಿದ್ದರೆ ಫೋಟೊ ಕಣ್ಣಿಗೆ ಮೋಸ ಮಾಡುತ್ತದೆ, ಆದ್ದರಿಂದ ಬೇರೆ ಬೇರೆ ಕೋನಗಳ ಚಿತ್ರಗಳಲ್ಲಿ ಕನಿಷ್ಠ ನಾಲ್ಕೈದು ಕಡೆ ಹೋಲಿಸಿ. ಅಂಕಿಯನ್ನು ಬಟ್ಟೆಗೇ ಮುದ್ರಿಸಿದ ಜೆರ್ಸಿಯಾದರೆ, ಪಕ್ಕದ ಹೊಲಿಗೆಯಲ್ಲಿ ವಿನ್ಯಾಸದ ಗೆರೆಗಳು ಹೇಗೆ ಕೂಡುತ್ತವೆ ಎಂಬುದನ್ನು ನೋಡಬೇಕು. ಹೊಂದಿದರೂ ಆ ಕ್ಷಣದಲ್ಲಿ ತೊಟ್ಟಿದ್ದರು ಎಂದಷ್ಟೇ ಸಾಬೀತಾಗುತ್ತದೆ. ಇಡೀ ಪಂದ್ಯಕ್ಕೆ ಅದು ಸಾಕ್ಷಿಯಲ್ಲ.

ಹಸ್ತಾಕ್ಷರ ಅಸಲಿ ಎನ್ನುವ ಪ್ರಮಾಣಪತ್ರವನ್ನು ಜೆರ್ಸಿ ತೊಟ್ಟದ್ದಕ್ಕೆ ಪ್ರಮಾಣವೆಂದು ಓದುವ ತಪ್ಪನ್ನಂತೂ ದಯವಿಟ್ಟು ಮಾಡಬೇಡಿ. ನಾನು ಹೆಚ್ಚು ನಂಬುವುದು 2001ರಲ್ಲಿ ಆರಂಭವಾದ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಹೊಲೊಗ್ರಾಮ್ ಚೀಟಿಯನ್ನು, ಏಕೆಂದರೆ ಅಲ್ಲಿ ಕ್ರೀಡಾಂಗಣದಲ್ಲೇ ಇರುವ ಪರಿಶೀಲಕರು ಕಣ್ಣಾರೆ ಕಂಡ ವಸ್ತುವಿಗೆ ಸಂಖ್ಯೆ ಹಾಕುತ್ತಾರೆ.

ಅಂಕಿಯ ನಾಲ್ಕೂ ಮೂಲೆಗಳ ನೇರ ಚಿತ್ರಗಳನ್ನು ಹರಾಜುದಾರರಿಂದ ಇಂದೇ ಕೇಳಿ. ಅವು ಬಂದು ಹೋಲಿಸಿ ಮುಗಿಯುವವರೆಗೆ ಬಿಡ್ ಹಾಕಬೇಡಿ.