ಕಾಂಬಿನೇಶನ್ ಬ್ಲೇಡ್: ಹಲ್ಲು ಎಣಿಸಿದರೆ ಸಾಲದು

ಪ್ರಶ್ನೆ: ನನ್ನದು 10 ಇಂಚಿನ ಟೇಬಲ್ ಸಾ (ಮೇಜಿನಿಂದ ಮೇಲೆದ್ದ ಬ್ಲೇಡಿನ ಗರಗಸ), ಒಂದೂವರೆ ಎಚ್‌ಪಿ ಮೋಟಾರು. ಹಲಗೆ ಸೀಳುವುದು, ಅಡ್ಡ ಕೊಯ್ಯುವುದು ಎರಡೂ ದಿನವಿಡೀ ನಡೆಯುತ್ತದೆ. ಪ್ರತಿ ಸಲ ಬ್ಲೇಡ್ ಬದಲಿಸಿ ಸಾಕಾಗಿದೆ. 40 ಹಲ್ಲಿನದು, 50 ಹಲ್ಲಿನದು ಎರಡನ್ನೂ ಕಾಂಬಿನೇಶನ್ ಎಂದೇ ಮಾರುತ್ತಾರೆ. ಯಾವುದನ್ನು ಕೊಳ್ಳಲಿ?

ಉತ್ತರ: ಹೆಸರು ಬಿಡಿ, ಬ್ಲೇಡನ್ನು ಕೈಯಲ್ಲಿ ಹಿಡಿದು ಅಂಚನ್ನು ನೋಡಿ. ಹಲ್ಲುಗಳೆಲ್ಲ ಸಮ ಅಂತರದಲ್ಲಿದ್ದು, ಒಂದು ಎಡಕ್ಕೆ ಓರೆ, ಮುಂದಿನದು ಬಲಕ್ಕೆ ಓರೆ ಎಂಬಂತಿದ್ದರೆ ಅದು ಜನರಲ್ ಪರ್ಪಸ್ ಬ್ಲೇಡ್. 40 ಹಲ್ಲಿನವು ಹೆಚ್ಚಾಗಿ ಇವೇ. ಅಸಲಿ ಕಾಂಬಿನೇಶನ್ ಬ್ಲೇಡಿನಲ್ಲಿ ಹಲ್ಲುಗಳು ಐದೈದರ ಗುಂಪಿನಲ್ಲಿರುತ್ತವೆ. 50 ಹಲ್ಲಿಗೆ 10 ಗುಂಪು. ನಾಲ್ಕು ಓರೆ ಹಲ್ಲು, ಐದನೆಯದು ಚಪ್ಪಟೆ ತಲೆಯ ರೇಕರ್. ರೇಕರ್ ಮುಂದೆ ಉಳಿದವಕ್ಕಿಂತ ಆಳವಾದ ಬಾಯಿ, ಅಂದರೆ ಹಲ್ಲುಗಳ ನಡುವಿನ ತಗ್ಗು. ಓರೆ ಹಲ್ಲಿನ ಚೂಪು ತುದಿಗಳು ಕೊಯ್ತದ ಎರಡೂ ಅಂಚಿನಲ್ಲಿ ಎಳೆಯನ್ನು ಕತ್ತರಿಸಿಡುತ್ತವೆ. ಕೂದಲೆಳೆಯಷ್ಟು ಗಿಡ್ಡವಾದ ರೇಕರ್ ಹಿಂದೆಯೇ ಬಂದು ನಡುವೆ ಉಳಿದದ್ದನ್ನು ಕೆರೆದು ತೆಗೆಯುತ್ತದೆ. ಸೀಳುವಾಗ ಏಳುವ ಉದ್ದ ಚಕ್ಕೆಗೆ ಆ ಆಳದ ಬಾಯಿಯೇ ಜಾಗ.

ಮುಕ್ಕಾಲು ಇಂಚಿನ ಹಲಗೆ, ಪ್ಲೈವುಡ್ ಇಷ್ಟೇ ಆದರೆ 40 ಹಲ್ಲಿನದೇ ಸಾಕು. ಹಲ್ಲು ಕಡಿಮೆ, ಸಾಣೆ ಹಿಡಿಸುವುದೂ ಸಲೀಸು. ತಳ ಸಮತಟ್ಟಾದ ಗಾಡಿ (ಮರದಲ್ಲಿ ಕೊರೆಯುವ ತೋಡು), ಕೀಲಿನ ಕೊಯ್ತ ಹೆಚ್ಚಿದ್ದರೆ ರೇಕರ್ ಇರುವ 50 ಹಲ್ಲಿನದು. ಬರೀ ಓರೆ ಹಲ್ಲಿನ ಬ್ಲೇಡ್ ಗಾಡಿಯ ತಳದಲ್ಲಿ ಎರಡು ಮೂಲೆಗೂ ಚೂಪು ಗೀರು ಬಿಡುತ್ತದೆ.

ನಿಮ್ಮ ಮೋಟಾರಿಗೆ 3.2 ಮಿ.ಮೀ. ಅಗಲ ಕೊಯ್ಯುವ ಬ್ಲೇಡ್ ಭಾರ. 2.4 ಮಿ.ಮೀ.ನದು ಕಾಲು ಭಾಗ ಕಡಿಮೆ ಮರ ತಿನ್ನುತ್ತದೆ. ಆದರೆ ಅದಕ್ಕೂ ಮೊದಲು ರೈವಿಂಗ್ ನೈಫಿನ, ಅಂದರೆ ಬ್ಲೇಡಿನ ಹಿಂದೆ ನಿಂತು ಕೊಯ್ತ ಮುಚ್ಚದಂತೆ ತಡೆಯುವ ತಗಡಿನ, ದಪ್ಪ ಅಳೆಯಿರಿ. ನೈಫ್ ಬ್ಲೇಡಿನ ತಗಡಿಗಿಂತ ದಪ್ಪ, ಹಲ್ಲಿನ ಅಗಲಕ್ಕಿಂತ ತೆಳು ಇರಬೇಕು. 2.5 ಮಿ.ಮೀ. ನೈಫ್ ಇರುವ ಯಂತ್ರಕ್ಕೆ 2.4ರ ಬ್ಲೇಡ್ ಹಾಕಿದಿರೋ, ಹಲಗೆ ನೈಫಿಗೆ ಬಂದು ಕಚ್ಚಿಕೊಂಡು ನಿಲ್ಲುತ್ತದೆ. ಆಗ ನೈಫನ್ನೇ ಬಿಚ್ಚಿ ಮೂಲೆಗಿಡುವವರಿದ್ದಾರೆ. ದಯವಿಟ್ಟು ಬೇಡ: ಕೊಯ್ತ ಹಿಂದೆ ಮುಚ್ಚಿಕೊಂಡರೆ ಮೇಲೇಳುವ ಹಲ್ಲು ಹಲಗೆಯನ್ನು ನಿಮ್ಮ ಹೊಟ್ಟೆಯ ಕಡೆಗೇ ಎಸೆಯುತ್ತದೆ.

ಪ್ರಶ್ನೆ: ಹೊಸ 50 ಹಲ್ಲಿನ ಬ್ಲೇಡ್. ಅಡ್ಡ ಕೊಯ್ತ ನುಣುಪಾಗಿ ಬರುತ್ತದೆ, ಎರಡು ಇಂಚು ದಪ್ಪದ ಗಟ್ಟಿ ಮರ ಸೀಳಿದರೆ ಅಂಚು ಕಪ್ಪಾಗುತ್ತದೆ. ಬ್ಲೇಡೇ ಕೆಟ್ಟದ್ದೇ?

ಉತ್ತರ: ಬ್ಲೇಡಿನ ತಪ್ಪಿಲ್ಲ, ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 4000 ಸುತ್ತು, ಹಲಗೆ ನಿಮಿಷಕ್ಕೆ 5 ಮೀಟರ್ ಮುಂದೆ ಹೋಗುತ್ತಿದೆ ಎಂದುಕೊಳ್ಳಿ. 50 ಹಲ್ಲಿದ್ದರೆ ಒಂದೊಂದು ಹಲ್ಲಿಗೆ ಸಿಗುವ ಮರ ಸರಾಸರಿ 0.025 ಮಿ.ಮೀ.; 24 ಹಲ್ಲಿನ ಸೀಳು ಬ್ಲೇಡಿನಲ್ಲಿ 0.05 ಮಿ.ಮೀ. ದಾಟುತ್ತದೆ. ಮೋಟಾರು ಏದುಸಿರು ಬಿಟ್ಟು ನೀವು ಹಲಗೆಯನ್ನು ಇನ್ನೂ ನಿಧಾನ ಮಾಡಿದರೆ ಹಲ್ಲು ಮರ ಕತ್ತರಿಸುವುದನ್ನು ಬಿಟ್ಟು ಉಜ್ಜತೊಡಗುತ್ತದೆ. ಚಕ್ಕೆಯ ಬದಲು ನುಣ್ಣನೆ ಪುಡಿ ಬೀಳುತ್ತಿದ್ದರೆ ಅದೇ ಗುರುತು. ದಪ್ಪ ಗಟ್ಟಿ ಮರವನ್ನು ದಿನಾ ಸೀಳುವವರು 24 ಹಲ್ಲಿನ ಬ್ಲೇಡ್ ಒಂದನ್ನು ಬೇರೆ ಇಟ್ಟುಕೊಳ್ಳಲೇಬೇಕು. ಕಾಂಬಿನೇಶನ್ ಆ ಕೆಲಸಕ್ಕಲ್ಲ.

ಅಪರೂಪಕ್ಕೆ ಸೀಳುವವರಾದರೆ ಬೇರೆ ಬ್ಲೇಡ್ ಕೊಳ್ಳುವ ಮುಂಚೆ ಯಂತ್ರ ಪರೀಕ್ಷಿಸಿ. ಪ್ಲಗ್ ಕಿತ್ತು, ಒಂದು ಹಲ್ಲಿಗೆ ಪೆನ್ಸಿಲ್ ಗುರುತು ಹಾಕಿ. ಆ ಹಲ್ಲನ್ನು ಮುಂದಕ್ಕೆ ತಂದು ಮೈಟರ್ ಗಾಡಿಯಿಂದ (ಮೇಜಿನಲ್ಲಿ ಬ್ಲೇಡಿನ ಪಕ್ಕ ಉದ್ದಕ್ಕಿರುವ ತೋಡು) ದೂರ ಅಳೆಯಿರಿ. ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅಳೆಯಿರಿ. ಅದೇ ಹಲ್ಲು ಏಕೆಂದರೆ, ಬ್ಲೇಡಿನ ಓಲಾಟ ಅಳತೆಗೆ ಸೇರಬಾರದು. ವ್ಯತ್ಯಾಸ 0.1 ಮಿ.ಮೀ. ದಾಟಿದರೆ ಸರಿಪಡಿಸಿ, ಆಮೇಲೆ ಫೆನ್ಸನ್ನು, ಅಂದರೆ ಸೀಳುವಾಗ ಹಲಗೆ ಒರಗಿಸುವ ಪಟ್ಟಿಯನ್ನು, ಮೈಟರ್ ಗಾಡಿಗೆ ಸಮಾನಾಂತರ ಮಾಡಿ. ಫೆನ್ಸಿನ ಹಿಂಬದಿ ಬ್ಲೇಡಿನತ್ತ ವಾಲಿದ್ದರೆ ಎಂಥ ಬ್ಲೇಡೂ ಸುಡುತ್ತದೆ.

ಪ್ರಶ್ನೆ: 30 ಮಿ.ಮೀ. ರಂಧ್ರದ ಬ್ಲೇಡನ್ನು 25.4 ಮಿ.ಮೀ. ಆರ್ಬರಿಗೆ (ಬ್ಲೇಡ್ ತಿರುಗಿಸುವ ದಂಡ) ಬುಷ್ (ರಂಧ್ರ ಕಿರಿದಾಗಿಸುವ ಬಳೆ) ಹಾಕಿ ಕೂರಿಸಬಹುದೇ?

ಉತ್ತರ: ಬಿಗಿಯಾಗಿ ಕೂರುವ ಬುಷ್ ಆದರೆ ಆಗಬಹುದು. ಬುಷ್ ತಗಡಿಗಿಂತ ದಪ್ಪ ಇರಬಾರದು; ಇದ್ದರೆ ಬ್ಲೇಡನ್ನು ಪಕ್ಕದಿಂದ ಅದುಮುವ ಫ್ಲಾಂಜ್ ಬಿಲ್ಲೆ ಬುಷ್ಷನ್ನು ಹಿಡಿಯುತ್ತದೆ, ಬ್ಲೇಡನ್ನಲ್ಲ. ಬ್ಲೇಡಿನ ಮೇಲೆ ಬರೆದ ಗರಿಷ್ಠ ಆರ್‌ಪಿಎಂ ನಿಮ್ಮ ಯಂತ್ರದ ವೇಗಕ್ಕಿಂತ ಹೆಚ್ಚಿರಬೇಕು. ರಂಧ್ರ ದೊಡ್ಡದು ಮಾಡುವ ಯೋಚನೆಯಂತೂ ಬೇಡ.

ಪ್ರಶ್ನೆ: ಆರು ತಿಂಗಳಿಗೇ ಬ್ಲೇಡ್ ಮೊಂಡಾಯಿತು. ಸಾಣೆಗೆ ಕೊಡಲೇ?

ಉತ್ತರ: ಮೊದಲು ತೊಳೆದು ನೋಡಿ. ಹಲ್ಲಿನ ಪಕ್ಕ ಅಂಟಿದ ರಾಳವೂ ಮೊಂಡಾದ ಹಲ್ಲಿನಂತೆಯೇ ಸುಡುತ್ತದೆ. ಬ್ಲೇಡ್ ಬಿಚ್ಚಿ, ವಾಷಿಂಗ್ ಸೋಡಾ ಕರಗಿಸಿದ ಬೆಚ್ಚನೆ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಪ್ಲಾಸ್ಟಿಕ್ ಬ್ರಷ್‌ನಿಂದ ಉಜ್ಜಿ, ತಕ್ಷಣ ಒರೆಸಿ ಒಣಗಿಸಿ. ಬಳಿಕವೂ ಸಿಬಿರು ಎದ್ದರೆ, ಹಲ್ಲಿನ ತುದಿಯಲ್ಲಿ ಬೆಳಕು ಹೊಳೆಯುವ ಗೆರೆ ಕಂಡರೆ, ಅದು ಅಂಚು ದುಂಡಾದ ಗುರುತು, ಸಾಣೆಗೆ ಕೊಡಿ. ಕೊಡುವಾಗ ಕಾಂಬಿನೇಶನ್ ಎಂದು ಹೇಳಿ. ರೇಕರನ್ನು ಉಳಿದ ಹಲ್ಲಿನ ಎತ್ತರಕ್ಕೇ ಅರೆದುಬಿಟ್ಟರೆ ಅಡ್ಡ ಕೊಯ್ತದಲ್ಲಿ ಅಂಚು ಕಿತ್ತು ಬರುತ್ತದೆ.