ಬಾಕ್ಸಿಂಗ್ ನೋಡಲು ಮನಸ್ಸಿಲ್ಲ, ಆದರೂ ಹೋಗಬೇಕಾಗಿದೆ

ಪ್ರಶ್ನೆ: ನಮ್ಮ ಮನೆಯವರಿಗೆ ಬಾಕ್ಸಿಂಗ್ ಎಂದರೆ ಪ್ರಾಣ. ಇಬ್ಬರಿಗೂ ಟಿಕೆಟ್ ತೆಗೆಯುತ್ತೇನೆ ಅನ್ನುತ್ತಿದ್ದಾರೆ. ಹೊಡೆದಾಟ ನೋಡುವ ಮನಸ್ಸು ನನಗಿಲ್ಲ, ಬರುವುದಿಲ್ಲ ಎಂದು ಅವರ ಸಂತೋಷ ಕೆಡಿಸಲೂ ಇಷ್ಟವಿಲ್ಲ. ಎಲ್ಲಿ ಕೂರಬೇಕು, ಅಷ್ಟು ಹೊತ್ತು ಹೇಗೆ ಕಳೆಯಬೇಕು?

ಉತ್ತರ: ಅಷ್ಟೂ ಹೊತ್ತು ಕೂರಬೇಕಾಗಿಲ್ಲ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಮುಖ್ಯ ಪಂದ್ಯಕ್ಕೆ ಮೊದಲು 4, 6, 8, 10 ಸುತ್ತುಗಳ ಪಂದ್ಯಗಳು ಸಾಲಾಗಿರುತ್ತವೆ. ಎಲ್ಲ ಸೇರಿ ನಾಲ್ಕೈದು ಗಂಟೆ ಹಿಡಿಯುವುದುಂಟು. ಮುಖ್ಯ ಪಂದ್ಯ 12 ಸುತ್ತಿನದಾದರೆ, ಸುತ್ತಿಗೆ 3 ನಿಮಿಷ, ನಡುವೆ 1 ನಿಮಿಷ ವಿರಾಮ: ಪೂರ್ತಿ ನಡೆದರೂ 47 ನಿಮಿಷ. ಅವರು ಮೊದಲೇ ಹೋಗಲಿ, ನೀವು ಕೊನೆಯ ಎರಡು ಮೂರು ಪಂದ್ಯಗಳ ಹೊತ್ತಿಗೆ ಹೋಗಿ ಸೇರಿಕೊಳ್ಳಿ. ಒಮ್ಮೆ ಗೇಟಿನಿಂದ ಹೊರಗೆ ಬಂದವರನ್ನು ಎಷ್ಟೋ ಕಡೆ ಮತ್ತೆ ಒಳಗೆ ಬಿಡುವುದಿಲ್ಲ. ಆದ್ದರಿಂದ ಬೇಸರವಾದಾಗ ಎದ್ದು ಹೋಗುವುದಿದ್ದರೆ ಒಳಗಿನ ಮೊಗಸಾಲೆಯವರೆಗೆ ಮಾತ್ರ ಹೋಗಿ.

ಟಿಕೆಟ್ ಇನ್ನೂ ತೆಗೆದಿಲ್ಲವಲ್ಲ, ಜಾಗ ನೀವೇ ಆರಿಸಿ. ರಿಂಗ್ ಪಕ್ಕದ ದುಬಾರಿ ಕುರ್ಚಿಗಳು ನಿಮಗೆ ಬೇಡವೇ ಬೇಡ. ಗುದ್ದಿನ ಸದ್ದು, ಉಸಿರು, ಹಾರುವ ಬೆವರು ಎಲ್ಲವೂ ಅಲ್ಲಿಗೆ ಮುಟ್ಟುತ್ತವೆ. ಮೇಲಾಗಿ ರಿಂಗಿನ ವೇದಿಕೆ ನಾಲ್ಕು ಅಡಿಯವರೆಗೂ ಎತ್ತರವಿರುತ್ತದೆ, ಕುರ್ಚಿಗಳು ಮಾತ್ರ ಸಮತಟ್ಟಾದ ನೆಲದ ಮೇಲೆ. ಕತ್ತೆತ್ತಿ ನೋಡಬೇಕು, ಮುಂದಿನವರು ಎದ್ದು ನಿಂತರೆ ಏನೂ ಕಾಣದು. ನೆಲ ಮುಗಿದು ಮೆಟ್ಟಿಲು ಸಾಲು ಶುರುವಾಗುವ ಕಡೆ, ಹತ್ತು ಹದಿನೈದು ಸಾಲು ಮೇಲೆ, ಓಡಾಟದ ದಾರಿಗೆ ಅಂಟಿಕೊಂಡ ಕುರ್ಚಿ ಸಿಕ್ಕರೆ ಅದೇ ಸರಿ. ಅಲ್ಲಿಂದ ಇಬ್ಬರ ಕಾಲಿನ ಚಲನೆಯೂ ಕಾಣುತ್ತದೆ, ಯಾರಿಗೂ ತೊಂದರೆ ಕೊಡದೆ ಎದ್ದು ಹೋಗಲೂಬಹುದು.

ಎಲ್ಲಕ್ಕಿಂತ ಮುಖ್ಯವಾದ ಮಾತು ದೊಡ್ಡ ಪರದೆಯದು. ರಿಂಗಿನಲ್ಲಿ ಒಂದೇ ಸಲ ಆದ ಹೊಡೆತವನ್ನು ಪರದೆ ನಿಧಾನಗತಿಯಲ್ಲಿ, ಬೇರೆ ಬೇರೆ ಕೋನದಿಂದ, ಮುಖವನ್ನೇ ಹಿಡಿದು ಮತ್ತೆ ಮತ್ತೆ ತೋರಿಸುತ್ತದೆ. ಎದೆ ಗಟ್ಟಿಯಿಲ್ಲದವರನ್ನು ಕೆಡಿಸುವುದು ಬಹುಪಾಲು ಇದೇ. ಯಾರಾದರೂ ಬಿದ್ದ ಕೂಡಲೇ ಪರದೆಯಿಂದ ಕಣ್ಣು ತೆಗೆದು ರೆಫರಿಯನ್ನು ನೋಡಿ.

ಪ್ರಶ್ನೆ: ರಕ್ತ ಕಂಡರೆ ನನಗೆ ಬವಳಿ ಬರುತ್ತದೆ. ಗೆಳೆಯರು ಬಿಡುವಂತಿಲ್ಲ. ಏನಾದರೂ ಉಪಾಯವಿದೆಯೇ?

ಉತ್ತರ: ಇದೆ, ಮತ್ತು ಅದು ಚೆನ್ನಾಗಿ ಕೆಲಸ ಮಾಡುತ್ತದೆ. ರಕ್ತ ಕಂಡಾಗ ಕೆಲವರಲ್ಲಿ ನಾಡಿ ಬಡಿತ ಮತ್ತು ರಕ್ತದೊತ್ತಡ ಥಟ್ಟನೆ ಇಳಿಯುತ್ತವೆ. ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ. ಹಾಗಾಗಿ ಒತ್ತಡವನ್ನು ಏರಿಸಬೇಕು. ಕೈ, ತೊಡೆ, ಹೊಟ್ಟೆಯ ಸ್ನಾಯುಗಳನ್ನು ಒಟ್ಟಿಗೆ ಬಿಗಿಹಿಡಿದು 10ರಿಂದ 15 ಸೆಕೆಂಡ್ ಇರಿ, ಮುಖ ಬಿಸಿಯಾದಂತೆ ಅನ್ನಿಸಬೇಕು. ಆಮೇಲೆ ಬಿಗಿ ಸಡಿಲಿಸಿ 20ರಿಂದ 30 ಸೆಕೆಂಡ್ ಬಿಡಿ. ಪೂರ್ತಿ ಮೈ ಬಿಟ್ಟು ಜೋತುಬೀಳಬೇಡಿ, ಮಾಮೂಲಿನಂತೆ ಕೂತರೆ ಸಾಕು. ಹೀಗೆ ಐದು ಸಲ. ಉಸಿರು ಮಾತ್ರ ಕಟ್ಟಬಾರದು. ಬಹಳ ಜನ ತಪ್ಪುವುದು ಅಲ್ಲೇ: ಮೈ ಬಿಗಿಯುವಾಗ ಉಸಿರನ್ನೂ ಹಿಡಿದುಬಿಡುತ್ತಾರೆ, ತಲೆಸುತ್ತು ಹೆಚ್ಚಾಗುತ್ತದೆ. ಹೋಗುವ ಮುಂಚಿನ ವಾರ ಮನೆಯಲ್ಲಿ ದಿನಾ ಅಭ್ಯಾಸ ಮಾಡಿ. ಅಲ್ಲಿಗೆ ಹೋದ ಮೇಲೆ ಕಲಿಯಲು ಆಗುವುದಿಲ್ಲ.

ಹಸಿದ ಹೊಟ್ಟೆಯಲ್ಲಿ ಹೋಗಬೇಡಿ, ನೀರು ಚೆನ್ನಾಗಿ ಕುಡಿದಿರಿ. ತಣ್ಣನೆ ಬೆವರು, ಹೊಟ್ಟೆ ತೊಳಸು, ಸದ್ದು ದೂರವಾದಂತೆ ಅನ್ನಿಸುವುದು, ಇವು ಮುನ್ಸೂಚನೆ. ಆಗ ಎದ್ದು ಹೊರಗೆ ಓಡಬಾರದು, ಮೆಟ್ಟಿಲ ಮೇಲೆ ಬಿದ್ದರೆ ಪೆಟ್ಟು ಜೋರಾಗುತ್ತದೆ. ಕೂತಲ್ಲೇ ತಲೆಯನ್ನು ಮೊಣಕಾಲ ನಡುವೆ ತಗ್ಗಿಸಿ. ಜಾಗವಿದ್ದರೆ ಮಲಗಿ ಕಾಲು ಮೇಲೆತ್ತುವುದು ಇನ್ನೂ ಒಳ್ಳೆಯದು. ಎದೆನೋವು ಜೊತೆಗಿದ್ದರೆ ಅಥವಾ ಪ್ರಜ್ಞೆ ಕೂಡಲೇ ಮರಳದಿದ್ದರೆ ಅದು ಬರಿಯ ಬವಳಿ ಎಂದುಕೊಳ್ಳದೆ ಅಲ್ಲಿನ ವೈದ್ಯಕೀಯ ಸಿಬ್ಬಂದಿಯನ್ನು ಕರೆಸಬೇಕು.

ಇನ್ನೊಂದು ವಿಷಯ ತಿಳಿದಿದ್ದರೆ ಧೈರ್ಯ ಬರುತ್ತದೆ. ಹುಬ್ಬಿನ ಮೂಳೆಯ ಮೇಲೆ ಚರ್ಮ ತೆಳು, ರಕ್ತನಾಳ ಹೆಚ್ಚು. ಸಣ್ಣ ಸೀಳಿಗೂ ಮುಖವೆಲ್ಲ ಕೆಂಪಾಗುತ್ತದೆ. ವಿರಾಮದ ಒಂದು ನಿಮಿಷದಲ್ಲಿ ಗಾಯ ನೋಡಿಕೊಳ್ಳುವವನು ಮೊದಲು ಒರೆಸಿ, ರಕ್ತನಾಳ ಕುಗ್ಗಿಸುವ ಔಷಧಿಯಾದ ಅಡ್ರಿನಲಿನ್‌ನಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಸೀಳಿಗೆ ಒತ್ತಿ ಹಿಡಿದು, ಮೇಲೆ ವ್ಯಾಸಲೀನ್ ಬಳಿಯುತ್ತಾನೆ. ಊತವಿದ್ದರೆ ಮಂಜುಗಡ್ಡೆಯಲ್ಲಿಟ್ಟ ಲೋಹದ ತುಂಡು ಒತ್ತುತ್ತಾನೆ. ರಕ್ತ ಕಣ್ಣಿಗಿಳಿದು ನೋಟ ಮಸುಕಾದರೆ, ಇಲ್ಲವೇ ಸೀಳು ರೆಪ್ಪೆಯವರೆಗೂ ಹೋದರೆ ಪಂದ್ಯ ನಿಲ್ಲುತ್ತದೆ. ರಕ್ತ ಎಷ್ಟು ಸುರಿಯಿತು ಎಂಬುದಕ್ಕಿಂತ ಸೀಳು ಎಲ್ಲಿದೆ ಎಂಬುದನ್ನೇ ವೈದ್ಯರು ಹೆಚ್ಚು ನೋಡುವುದು.

ಪ್ರಶ್ನೆ: ಬಿದ್ದವನನ್ನು ಎಬ್ಬಿಸಿ ಮತ್ತೆ ಹೊಡೆಸುತ್ತಾರಲ್ಲ, ಇದು ಕ್ರೌರ್ಯವಲ್ಲವೇ? ನಿಲ್ಲಿಸಬೇಕೆಂದು ಯಾರು, ಹೇಗೆ ತೀರ್ಮಾನಿಸುತ್ತಾರೆ?

ಉತ್ತರ: ನಿಮ್ಮ ಕಳವಳ ನ್ಯಾಯವಾದದ್ದು, ಅಪಾಯ ನಿಜವಾದದ್ದೇ. 1982ರ ನವೆಂಬರ್‌ನಲ್ಲಿ ಅಮೆರಿಕದ ಬಾಕ್ಸರ್ ರೇ ಮಾನ್ಸಿನಿ ಎದುರು 14ನೇ ಸುತ್ತಿನಲ್ಲಿ ಬಿದ್ದ ಕೊರಿಯಾದ ಬಾಕ್ಸರ್ ಕಿಮ್ ಡುಕ್-ಕೂ ಕೆಲವೇ ದಿನಗಳಲ್ಲಿ ತೀರಿಕೊಂಡರು. 15 ಸುತ್ತುಗಳಿದ್ದ ವಿಶ್ವ ಪ್ರಶಸ್ತಿ ಪಂದ್ಯಗಳು 12ಕ್ಕೆ ಇಳಿದದ್ದು ಆ ಸಾವಿನ ನಂತರ.

ಈಗ ನಡೆಯುವುದು ಹೀಗೆ. ಒಬ್ಬ ಬಿದ್ದೊಡನೆ ಇನ್ನೊಬ್ಬ ದೂರದ ತಟಸ್ಥ ಮೂಲೆಗೆ (ಇಬ್ಬರಲ್ಲಿ ಯಾರದ್ದೂ ಅಲ್ಲದ ಮೂಲೆಗೆ) ಹೋಗಿ ನಿಲ್ಲಬೇಕು. ರೆಫರಿ ಎಣಿಸುತ್ತಾರೆ. ಬಿದ್ದವನು ಬೇಗ ಎದ್ದರೂ ಸಾಮಾನ್ಯವಾಗಿ ಎಂಟರವರೆಗೆ ಎಣಿಕೆ ನಿಲ್ಲದು, ಹತ್ತಾದರೆ ಪಂದ್ಯ ಮುಗಿಯಿತು. ಆ ಎಂಟು ಸೆಕೆಂಡುಗಳಲ್ಲಿ ರೆಫರಿಯ ಕಣ್ಣು ಎಲ್ಲಿದೆ ನೋಡಿ. ಅವರು ನೋಡುತ್ತಿರುವುದು ಬಿದ್ದವನ ಕಣ್ಣನ್ನು ಮತ್ತು ಮೊಣಕಾಲನ್ನು. ಎದ್ದವನಿಗೆ ನಾಲ್ಕು ಹೆಜ್ಜೆ ಮುಂದೆ ಬಾ ಎನ್ನುತ್ತಾರೆ, ಮಾತಾಡಿಸುತ್ತಾರೆ. ಹೆಜ್ಜೆ ತಪ್ಪಿದರೆ, ನೋಟ ನಿಲ್ಲದಿದ್ದರೆ ಎರಡೂ ಕೈ ಬೀಸಿ ನಿಲ್ಲಿಸುತ್ತಾರೆ. ಬಾಕ್ಸರ್ ‘ಚೆನ್ನಾಗಿದ್ದೇನೆ’ ಎಂದು ಎಷ್ಟು ಬೇಡಿಕೊಂಡರೂ ಅದಕ್ಕೆ ಬೆಲೆಯಿಲ್ಲ, ಇರಲೂಬಾರದು. ರಿಂಗ್ ಪಕ್ಕದ ವೈದ್ಯರೂ ನಿಲ್ಲಿಸಬೇಕೆನ್ನಬಹುದು, ಅವನ ಕಡೆಯ ತರಬೇತುದಾರನೂ ಸಾಕು ಎನ್ನಬಹುದು. ತನ್ನ ಹುಡುಗನಿಗೆ ಸಾಕು ಎಂದು ಸಕಾಲಕ್ಕೆ ಹೇಳುವ ತರಬೇತುದಾರ ಈ ಆಟದ ಅತ್ಯಂತ ಗೌರವಾರ್ಹ ವ್ಯಕ್ತಿ ಎಂಬುದು ನಮ್ಮ ಅಭಿಪ್ರಾಯ. ಪಂದ್ಯ ಬೇಗ ನಿಂತಿತೆಂದು ಸುತ್ತಲಿನವರು ಕೂಗಾಡಿದರೆ ನೀವು ಕೂಗಬೇಡಿ.

ಕೆಲವೊಮ್ಮೆ ಬಿದ್ದವನ ತೋಳುಗಳು ವಿಚಿತ್ರವಾಗಿ ಸೆಟೆದು ನಿಲ್ಲುತ್ತವೆ. ಮಿದುಳಿಗೆ ಜೋರು ಆಘಾತವಾದ ಲಕ್ಷಣವದು. ಮೊದಲ ಸಲ ಕಂಡವರು ಹೆದರಿಹೋಗುತ್ತಾರೆ. ಸೆಟೆತ ಸಾಮಾನ್ಯವಾಗಿ ಕೆಲವೇ ಸೆಕೆಂಡಿನಲ್ಲಿ ಬಿಡುತ್ತದೆ, ಅಷ್ಟರಲ್ಲಿ ವೈದ್ಯರು ಒಳಗಿರುತ್ತಾರೆ. ನೋಡಲಾಗದಿದ್ದರೆ ನೋಡಬೇಡಿ.

ಪ್ರಶ್ನೆ: ಮಗಳು ಎಂಎಂಎ (ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿದ ಕಾಳಗ) ನೋಡೋಣ ಬಾ ಅಪ್ಪಾ ಎನ್ನುತ್ತಾಳೆ. ಟಿವಿಯಲ್ಲಿ ನೋಡಿದರೆ ಇಬ್ಬರೂ ನೆಲದ ಮೇಲೆ ತಬ್ಬಿಕೊಂಡು ಹೊರಳಾಡುತ್ತಾರೆ, ಒಂದೂ ತಿಳಿಯದು. ಏನನ್ನು ನೋಡಬೇಕು?

ಉತ್ತರ: ಸೊಂಟ ನೋಡಿ. ಕೆಳಗಿರುವವನು ಕಾಲುಗಳಿಂದ ಮೇಲಿನವನ ಸೊಂಟವನ್ನು ಹಿಡಿದಿಟ್ಟಿದ್ದರೆ ಅವನಿಗಿನ್ನೂ ರಕ್ಷಣೆಯಿದೆ. ಮೇಲಿನವನು ಆ ಕಾಲುಗಳನ್ನು ದಾಟಿ ಪಕ್ಕಕ್ಕೋ ಎದೆಯ ಮೇಲಕ್ಕೋ ಬಂದರೆ ಕೆಳಗಿನವನಿಗೆ ಕಷ್ಟ ಶುರು. ಬೆನ್ನ ಹಿಂದೆ ಸೇರಿಕೊಂಡು ಎರಡೂ ಕಾಲು ಹೆಣೆದನೆಂದರೆ ಎಲ್ಲಕ್ಕಿಂತ ಅಪಾಯ. ಸುಮ್ಮನೆ ಬಿದ್ದಿದ್ದಾರೆ ಎನ್ನಿಸುವ ಎರಡು ನಿಮಿಷದಲ್ಲಿ ನಡೆಯುತ್ತಿರುವುದು ಈ ಸ್ಥಾನಗಳ ಜಗಳ, ಚದುರಂಗದ ನಡೆಗಳ ಹಾಗೆ. ಅದು ತಿಳಿದ ದಿನ ಆಟ ಬೇರೆಯೇ ಕಾಣುತ್ತದೆ.

ಹಿಂದಿನಿಂದ ಕುತ್ತಿಗೆ ಹಿಡಿಯುವ ಪಟ್ಟು ಸರಿಯಾಗಿ ಬಿದ್ದರೆ ಒತ್ತುವುದು ಎರಡೂ ಬದಿಯ ರಕ್ತನಾಳಗಳನ್ನು. ಸುಮಾರು ಹತ್ತು ಸೆಕೆಂಡಿನಲ್ಲಿ ಎಚ್ಚರ ತಪ್ಪಬಹುದು. ಹಾಗಾಗುವ ಮುಂಚೆ ಎದುರಾಳಿಯ ಮೈಯನ್ನೋ ನೆಲವನ್ನೋ ಕೈಯಿಂದ ತಟ್ಟಿದರೆ ಸೋಲೊಪ್ಪಿದಂತೆ, ರೆಫರಿ ತಕ್ಷಣ ಬಿಡಿಸುತ್ತಾರೆ. ಬಾಯಲ್ಲಿ ಹೇಳಿದರೂ ಸಾಕು. ಹೊಡೆತ ನೋಡಲಾಗದವರಿಗೆ ಹೀಗೆ ಮುಗಿಯುವ ಪಂದ್ಯಗಳು ಎಷ್ಟೋ ಹಗುರ.

ಹಗುರ ತೂಕದವರ ಪಂದ್ಯ ಆರಿಸಿಕೊಳ್ಳಿ. ಎಂಎಂಎಯ ಫ್ಲೈವೇಟ್, ಅಂದರೆ 56.7 ಕೆ.ಜಿ. ಮಿತಿಯವರಲ್ಲಿ ವೇಗ ಮತ್ತು ಪಟ್ಟುಗಳೇ ಹೆಚ್ಚು. ಭಾರೀ ತೂಕದವರಲ್ಲಿ ಒಂದೇ ಗುದ್ದಿಗೆ ಮುಗಿಯುವ ಸಂಭವ ಜಾಸ್ತಿ. ಮೂರು ಸುತ್ತಿನ ಪಂದ್ಯಕ್ಕೆ, ಸುತ್ತಿಗೆ 5 ನಿಮಿಷದಂತೆ, ವಿರಾಮ ಸೇರಿ 17 ನಿಮಿಷ. ಐದು ಸುತ್ತಿಗೆ 29. ಎಂಎಂಎ ನಡೆಯುವ ಕೇಜಿನ, ಅಂದರೆ ಬೋನಿನಂಥ ಕಣದ, ಜಾಲರಿ ಮತ್ತು ಕಂಬಗಳು ತಗ್ಗಿನ ಸಾಲುಗಳಿಗೆ ಅಡ್ಡ ಬರುತ್ತವೆ, ಇಲ್ಲಿಯೂ ಎತ್ತರದ ಸಾಲೇ ವಾಸಿ.

ಪ್ರಶ್ನೆ: ಸುಮ್ಮನೆ ಕೂತರೆ ಭಯ ಹೆಚ್ಚುತ್ತದೆ. ಮನಸ್ಸಿಗೆ ಕೆಲಸ ಕೊಡುವುದು ಹೇಗೆ?

ಉತ್ತರ: ಅಂಕ ಹಾಕಿ. ಒಂದು ಚೀಟಿ, ಒಂದು ಪೆನ್ಸಿಲ್ ಸಾಕು. ಬಾಕ್ಸಿಂಗ್‌ನಲ್ಲಿ ಸುತ್ತು ಗೆದ್ದವನಿಗೆ 10, ಸೋತವನಿಗೆ 9. ಒಮ್ಮೆ ಬಿದ್ದರೆ ಸಾಮಾನ್ಯವಾಗಿ 8. ನೋಡಬೇಕಾದ್ದು ಗುರಿಮುಟ್ಟಿದ ಗುದ್ದು. ಕೈಗವಸಿಗೆ, ತೋಳಿಗೆ, ಭುಜಕ್ಕೆ ತಗುಲಿದ್ದು ಲೆಕ್ಕಕ್ಕಿಲ್ಲ. ಹೊಸಬರು ಮೋಸಹೋಗುವುದು ಇಲ್ಲೇ: ಜನ ಕೂಗಿದರೆಂದು ಅಂಕ ಕೊಟ್ಟುಬಿಡುತ್ತಾರೆ, ಆ ಗುದ್ದನ್ನು ಎದುರಾಳಿ ಕೈಯಲ್ಲೇ ತಡೆದಿರುತ್ತಾನೆ. ಸುತ್ತು ಮುಗಿಯಲು 10 ಸೆಕೆಂಡ್ ಇರುವಾಗ ಮರದ ತುಂಡು ಬಡಿದ ಟಕಟಕ ಸದ್ದು ಕೇಳುತ್ತದೆ, ಆಗ ಮನಸ್ಸಿನಲ್ಲೇ ತೀರ್ಮಾನ ಮಾಡಿ, ಗಂಟೆ ಹೊಡೆದೊಡನೆ ಬರೆದುಬಿಡಿ. ಹಿಂದೆ ಹೋಗಿ ತಿದ್ದಬೇಡಿ, ತೀರ್ಪುಗಾರರಿಗೂ ಆ ಅವಕಾಶವಿಲ್ಲ.

ಪ್ರಶ್ನೆ: ಗದ್ದಲ ಮತ್ತು ಮಿಂಚುವ ದೀಪಗಳಿಂದ ತಲೆನೋವು ಬರುತ್ತದೆ. ಹತ್ತು ವರ್ಷದ ಮಗನೂ ಜೊತೆಗೆ ಬರುತ್ತೇನೆ ಎನ್ನುತ್ತಾನೆ.

ಉತ್ತರ: ಇಬ್ಬರೂ ಕಿವಿ ಮುಚ್ಚಿಕೊಳ್ಳಿ. 85 ಡೆಸಿಬಲ್ ಸದ್ದನ್ನು 8 ಗಂಟೆ ತಾಳಬಹುದು ಎಂಬ ಲೆಕ್ಕದಲ್ಲಿ, ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧವಾಗುತ್ತ 100ಕ್ಕೆ 15 ನಿಮಿಷ ಮಾತ್ರ ಉಳಿಯುತ್ತದೆ. ಫೋಮ್ ಇಯರ್‌ಪ್ಲಗ್ ಅನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅರ್ಧ ಹೊರಗೆ ನಿಂತರೆ ಪ್ರಯೋಜನವಿಲ್ಲ. ಮಕ್ಕಳಿಗೆ ಕಿವಿಯನ್ನು ಪೂರ್ತಿ ಮುಚ್ಚುವ ಇಯರ್‌ಮಫ್ ಸುಲಭ. ದೀಪಗಳ ಮಿಂಚು ಹೆಚ್ಚಿರುವುದು ಸ್ಪರ್ಧಿಗಳು ಒಳಗೆ ಬರುವ ಹೊತ್ತಿನಲ್ಲಿ, ಆಗ ಒಳಗಿನ ಮೊಗಸಾಲೆಯಲ್ಲಿರಿ. ಬೆಳಕಿಗೆ ಮೂರ್ಛೆ ಬರುವ ತೊಂದರೆಯಿದ್ದವರು ಹೋಗುವ ಮೊದಲೇ ವೈದ್ಯರನ್ನು ಕೇಳಬೇಕು. ಥಟ್ಟನೆ ಮಿಂಚಿದರೆ ಅಂಗೈಯಿಂದ ಒಂದು ಕಣ್ಣು ಪೂರ್ತಿ ಮುಚ್ಚಿ ಮುಖ ತಿರುಗಿಸಬೇಕು.

ಮಗನನ್ನು ಮೊದಲು ಅಮೆಚೂರ್ (ಹವ್ಯಾಸಿ) ಬಾಕ್ಸಿಂಗ್ ಪಂದ್ಯಕ್ಕೆ ಕರೆದುಕೊಂಡು ಹೋಗಿ. 3 ನಿಮಿಷದ ಮೂರು ಸುತ್ತು, ವಿರಾಮ ಸೇರಿ 11 ನಿಮಿಷ. ರೆಫರಿಗಳು ಬೇಗ ನಿಲ್ಲಿಸುತ್ತಾರೆ, ಹಗಲಿನಲ್ಲೇ ಮುಗಿಯುವುದೂ ಉಂಟು. ‘ಸಾಕು’ ಎಂದು ಅವನು ಒಂದು ಸಲ ಹೇಳಿದರೆ ಎರಡನೆಯ ಸಲ ಕೇಳದೆ ಎದ್ದು ಬನ್ನಿ.