ಸಂಪಾದಕರ ಉತ್ತರ: ಜಾಗತಿಕ ಹಣಕಾಸಿನ ಸಂಶೋಧನೆ ಯಾವ ವಿಭಾಗಕ್ಕೆ ಸೇರಿದ್ದು?

ಮಾನ್ಯರೆ,

ಜಾಗತಿಕ ಆಡಳಿತ ಮತ್ತು ಅಂತರರಾಷ್ಟ್ರೀಯ ಹಣಕಾಸನ್ನು ಕುರಿತು ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತಿರುವ ಅಂತರಶಿಸ್ತೀಯ ಸಂಶೋಧನೆಯನ್ನು ಪರಿಚಯಿಸಿದ ನಮ್ಮ ಕಳೆದ ಸಂಚಿಕೆಯ ಲೇಖನಕ್ಕೆ ತಾವು ಹಾವೇರಿಯಿಂದ ಬರೆದ ಪತ್ರ ತಲುಪಿದೆ. ಅರ್ಥಶಾಸ್ತ್ರವನ್ನು ದೀರ್ಘಕಾಲ ಬೋಧಿಸಿದ ತಾವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. ನಾಲ್ಕು ಶಾಸ್ತ್ರಗಳನ್ನು ಕೂಡಿಸಿದ ಅಧ್ಯಯನ ಯಾವುದರಲ್ಲಿಯೂ ಆಳವಿಲ್ಲದ ಕಲಸುಮೇಲೋಗರವಾಗುತ್ತದೆ ಎಂಬುದು ಒಂದು. ಬ್ಯಾಂಕುಗಳಿಗೆ ಜಾಗತಿಕ ನಿಯಮ ರೂಪಿಸುವ ಸ್ವಿಟ್ಜರ್ಲೆಂಡಿನ ಬಾಸೆಲ್, ವಿಶ್ವಬ್ಯಾಂಕ್ ಮತ್ತು ಹಣಕಾಸು ನಿಧಿ ಇರುವ ವಾಷಿಂಗ್ಟನ್‌ಗಳ ವ್ಯವಹಾರ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ದೂರದ ಮಾತು ಎಂಬುದು ಇನ್ನೊಂದು. ಜೊತೆಗೆ, ಈ ಕ್ಷೇತ್ರದಲ್ಲಿ ಪಿಎಚ್.ಡಿ. ಮಾಡಬಯಸಿದ ತಮ್ಮ ಹಳೆಯ ವಿದ್ಯಾರ್ಥಿನಿಯನ್ನು ಅರ್ಥಶಾಸ್ತ್ರದವರು ರಾಜ್ಯಶಾಸ್ತ್ರಕ್ಕೂ ರಾಜ್ಯಶಾಸ್ತ್ರದವರು ವಾಣಿಜ್ಯಕ್ಕೂ ಸಾಗಹಾಕಿದರೆಂದು ತಿಳಿಸಿ, ಆಕೆಗೆ ಏನು ಹೇಳಬೇಕೆಂದು ಕೇಳಿದ್ದೀರಿ.

ಮೊದಲ ಆಕ್ಷೇಪದಲ್ಲಿ ಹುರುಳಿದೆ. ವಿಚಾರ ಸಂಕಿರಣದ ಬ್ಯಾನರಿನ ಮೇಲೆ ಮೂರು ವಿಭಾಗಗಳ ಹೆಸರು ಬರೆಸಿ, ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ಕೇಳದೆ ಊಟಕ್ಕೆ ಏಳುವುದನ್ನೇ ಅಂತರಶಿಸ್ತೀಯವೆಂದು ಕರೆಯುವ ರೂಢಿ ನಮ್ಮಲ್ಲಿದೆ. ಅದರ ಪರವಾಗಿ ವಾದಿಸುವ ಇಚ್ಛೆ ನನಗಿಲ್ಲ. ಆದರೆ ಕೆಲವು ಪ್ರಶ್ನೆಗಳು ಒಂದೇ ಶಾಸ್ತ್ರದೊಳಗೆ ನಿಂತವರಿಗೆ ಪ್ರಶ್ನೆಗಳಾಗಿಯೇ ಕಾಣುವುದಿಲ್ಲವೆಂಬುದನ್ನೂ ಒಪ್ಪಬೇಕಾಗುತ್ತದೆ.

1974ರ ಜೂನ್ 26ರಂದು ಕೊಲೋನ್ ನಗರದ ಹೆರ್‌ಸ್ಟಾಟ್ ಬ್ಯಾಂಕಿನ ಪರವಾನಗಿಯನ್ನು ಜರ್ಮನ್ ಅಧಿಕಾರಿಗಳು ಅಲ್ಲಿನ ವ್ಯವಹಾರದ ಹೊತ್ತು ಮುಗಿದ ಮೇಲೆ ರದ್ದುಪಡಿಸಿದರು. ಅದರೊಡನೆ ವಿದೇಶಿ ವಿನಿಮಯದ ವ್ಯವಹಾರ ಕುದುರಿಸಿದ್ದ ಬ್ಯಾಂಕುಗಳು ಅಂದೇ ಜರ್ಮನಿಯಲ್ಲಿ ಅಲ್ಲಿನ ಹಣವಾದ ಮಾರ್ಕುಗಳನ್ನು ಪಾವತಿ ಮಾಡಿಯಾಗಿತ್ತು. ಪ್ರತಿಯಾಗಿ ಡಾಲರು ಬರಬೇಕಾಗಿದ್ದ ನ್ಯೂಯಾರ್ಕಿನಲ್ಲಿ ಇನ್ನೂ ಬೆಳಗಿನ ಹೊತ್ತು, ಅಲ್ಲಿ ಪಾವತಿ ನಿಂತುಹೋಯಿತು. ಕಾನೂನಿನವರ ದೃಷ್ಟಿಯಲ್ಲಿ ಇದು ದಿವಾಳಿಯ ಪ್ರಕರಣ, ಲೆಕ್ಕಪರಿಶೋಧಕರ ದೃಷ್ಟಿಯಲ್ಲಿ ಸಟ್ಟಾ ವ್ಯವಹಾರದ ನಷ್ಟ. ಎರಡು ದೇಶಗಳ ಗಡಿಯಾರಗಳ ನಡುವಿನ ಕೆಲವು ತಾಸುಗಳು ಮಾತ್ರ ಯಾವ ಪಠ್ಯಕ್ರಮದಲ್ಲಿಯೂ ಇರಲಿಲ್ಲ, ಅಪಾಯವಿದ್ದದ್ದು ಅಲ್ಲಿಯೇ.

ಈ ಆಘಾತದ ಬೆನ್ನಿಗೇ, ಆ ವರ್ಷದ ಕೊನೆಗೆ ಪ್ರಮುಖ ಕೈಗಾರಿಕಾ ದೇಶಗಳ ಕೇಂದ್ರ ಬ್ಯಾಂಕುಗಳ ಗವರ್ನರುಗಳು ಬ್ಯಾಂಕುಗಳ ಮೇಲ್ವಿಚಾರಣೆಗೆಂದು ಸ್ಥಾಪಿಸಿದ ಬಾಸೆಲ್ ಸಮಿತಿ, 1988ರಲ್ಲಿ, ಬ್ಯಾಂಕುಗಳು ತಮ್ಮ ಸಾಲ ಮತ್ತಿತರ ಆಸ್ತಿಗಳ ಅಪಾಯದ ತೂಕಕ್ಕೆ ಅನುಗುಣವಾಗಿ ಕನಿಷ್ಠ ಶೇ 8ರಷ್ಟು ಬಂಡವಾಳ ಇಟ್ಟುಕೊಂಡಿರಬೇಕೆಂದು ಹೇಳಿತು. ಈ ಮಾತಿಗೆ ಕಾನೂನಿನ ಬಲವಿಲ್ಲ, ಅದರ ಬೆನ್ನಿಗೆ ದೇಶಗಳು ಸಹಿ ಹಾಕಿದ ಯಾವ ಒಪ್ಪಂದವೂ ಇಲ್ಲ. ಆದರೂ ನಮ್ಮ ರಿಸರ್ವ್ ಬ್ಯಾಂಕ್ 1992ರಿಂದ ಅದನ್ನು ಜಾರಿಗೆ ತಂದು, ಮುಂದೆ ಶೇ 9ಕ್ಕೆ ಏರಿಸಿತು. ಆ ಸಮಿತಿಯಲ್ಲಿ ಭಾರತಕ್ಕೆ ಸ್ಥಾನ ಸಿಕ್ಕಿದ್ದು 2009ರಲ್ಲಿ. ಕಾನೂನಿನ ವಿದ್ಯಾರ್ಥಿ ಒಪ್ಪಂದವನ್ನು ಹುಡುಕಿ, ಸಿಗದೆ, ಕಡತ ಮುಚ್ಚುತ್ತಾನೆ. ಅರ್ಥಶಾಸ್ತ್ರದವನು ಒಂಬತ್ತನ್ನು ದತ್ತವೆಂದು ಹಿಡಿದು, ಸಾಲ ವಿತರಣೆಯ ಮೇಲೆ ಅದರ ಪರಿಣಾಮವನ್ನು ಲೆಕ್ಕ ಹಾಕುತ್ತಾನೆ. ತಾವು ಕೂರದ ಸಭೆಯ ತೀರ್ಮಾನವನ್ನು ದೇಶಗಳು ಏಕೆ ಪಾಲಿಸುತ್ತವೆ ಎಂದು ಕೇಳುವುದು ರಾಜ್ಯಶಾಸ್ತ್ರ, ಆದರೆ ಬ್ಯಾಂಕಿನ ಅಢಾವೆ ಪತ್ರಿಕೆಯನ್ನು ಓದಲು ಬಾರದ ರಾಜ್ಯಶಾಸ್ತ್ರಜ್ಞ ಉತ್ತರದ ಅರ್ಧದಾರಿಯಲ್ಲಿಯೇ ನಿಲ್ಲುತ್ತಾನೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಕಥೆ ಇದಕ್ಕೆ ವಿರುದ್ಧ: ಅಲ್ಲಿ ಎಲ್ಲವೂ ಬರವಣಿಗೆಯಲ್ಲಿದೆ, ಪ್ರಮುಖ ನಿರ್ಣಯಗಳಿಗೆ ಶೇ 85 ಮತ ಬೇಕು, ಅಮೆರಿಕ ಒಂದರ ಬಳಿಯೇ ಶೇ 16ಕ್ಕೂ ಹೆಚ್ಚು ಮತವಿದೆ, ಅಂದರೆ ಅದು ಒಪ್ಪದೆ ಅಂಥ ನಿರ್ಣಯ ಆಗುವುದಿಲ್ಲ. ಈ ಎರಡು ಬಗೆಯ ಅಧಿಕಾರವನ್ನು ಒಟ್ಟಿಗೆ ತೂಗಿ ನೋಡುವುದನ್ನು ನಾನು ಆಳವಿಲ್ಲದ ಕೆಲಸವೆನ್ನಲಾರೆ.

ಎರಡನೆಯ ಆಕ್ಷೇಪವನ್ನು ಮಾತ್ರ ಒಪ್ಪುವುದು ಕಷ್ಟ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಎಂಬ ತ್ವರಿತ ಸಾರಿಗೆಯ ಬಸ್ಸು ಓಡುವ ಪ್ರತ್ಯೇಕ ಪಥಕ್ಕೆ ವಿಶ್ವಬ್ಯಾಂಕಿನ ಹಣವೂ ಸೇರಿದೆ. ಅದಕ್ಕೂ ಮೊದಲು, ಅದೇ ಬ್ಯಾಂಕಿನ ಸಾಲದ ನೆರವಿನಿಂದ ಅವಳಿ ನಗರದ ಕೆಲವು ವಾರ್ಡುಗಳಲ್ಲಿ ದಿನದ 24 ತಾಸೂ ನಲ್ಲಿಯಲ್ಲಿ ನೀರು ಬರುವ ಪ್ರಾತ್ಯಕ್ಷಿಕೆ ನಡೆದದ್ದು ತಮಗೆ ನೆನಪಿರಬಹುದು. ಉಳಿದ ಬಡಾವಣೆಗಳವರು ಆಗಲೂ ಕೊಡ ಸಾಲಾಗಿಟ್ಟು ದಿನ ಎಣಿಸುತ್ತಿದ್ದರು. ಅಲ್ಲಿ ಸಾಲ ಪಡೆದದ್ದು ಭಾರತ ಸರ್ಕಾರ, ಯೋಜನೆ ರಾಜ್ಯದ್ದು, ನಿರ್ವಹಿಸಿದ್ದು ಖಾಸಗಿ ಕಂಪನಿ, ಬಿಲ್ಲು ಕಟ್ಟಿದವರು ವಾರ್ಡಿನ ನಿವಾಸಿಗಳು. ನೀರಿನ ದರವನ್ನು ನಿಜವಾಗಿ ಯಾರು ನಿರ್ಧರಿಸಿದರು ಎಂಬ ಒಂದು ಪ್ರಶ್ನೆಗೆ ಉತ್ತರಿಸಬೇಕಾದರೆ ಸಾಲದ ಕರಾರು, ಮೀಟರಿನ ತಾಂತ್ರಿಕತೆ, ಪಾಲಿಕೆಯ ರಾಜಕಾರಣ, ಮನೆಮನೆಯ ಖರ್ಚು ನಾಲ್ಕನ್ನೂ ಓದಲೇಬೇಕು. ಹೊರಗಿನ ಹಣಕಾಸಿನ ವಿಚಾರಗಳು ಈ ನೆಲಕ್ಕೆ ಬಂದದ್ದು ನಿನ್ನೆ ಮೊನ್ನೆಯಲ್ಲ: ಜರ್ಮನಿಯ ರೈಫೈಸನ್ ಮಾದರಿಯ ಗ್ರಾಮೀಣ ಪತ್ತಿನ ಸಂಘಗಳ ಬಗ್ಗೆ ಬ್ರಿಟಿಷ್ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಮದರಾಸು ಸರ್ಕಾರಕ್ಕೆ ವರದಿ ಮಾಡಿದ ಮೇಲೆ 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದಿತು, ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು.

ಇನ್ನು ತಮ್ಮ ವಿದ್ಯಾರ್ಥಿನಿಯ ವಿಷಯ. ಜಾಗತಿಕ ಆಡಳಿತವೆಂಬ ಅಗಲವಾದ ಶೀರ್ಷಿಕೆಯನ್ನು ಹಿಡಿದು ಹೋದರೆ ಯಾವ ವಿಭಾಗವೂ ಬಾಗಿಲು ತೆರೆಯುವುದಿಲ್ಲ, ತೆರೆಯಬೇಕಾದ ಕಾರಣವೂ ಇಲ್ಲ. ಆಕೆ ಒಂದು ಸಾಲವನ್ನೋ ಒಂದು ನಿಯಮವನ್ನೋ ಆರಿಸಿಕೊಂಡು, ತಾನು ಪದವಿ ಪಡೆದ ಅರ್ಥಶಾಸ್ತ್ರದಲ್ಲಿಯೇ ನೋಂದಾಯಿಸಿಕೊಳ್ಳಲಿ. ಬೇರೆ ವಿಭಾಗದ ಅಥವಾ ಬೇರೆ ಸಂಸ್ಥೆಯ ಸಹ-ಮಾರ್ಗದರ್ಶಕರನ್ನು ಪಡೆಯಲು ಯುಜಿಸಿಯ 2022ರ ಪಿಎಚ್.ಡಿ. ನಿಯಮಗಳಲ್ಲಿ ಅವಕಾಶವಿದೆ. ಹುಬ್ಬಳ್ಳಿಯ ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರವಿದೆ. ವಿಶ್ವಬ್ಯಾಂಕ್ ತನ್ನ ಸಾಲದ ಕರಾರುಗಳನ್ನೂ ಯೋಜನೆ ಮುಗಿದ ಮೇಲಿನ ಮೌಲ್ಯಮಾಪನ ವರದಿಗಳನ್ನೂ ಸಾರ್ವಜನಿಕರಿಗೆ ತೆರೆದಿಟ್ಟಿದೆ; ನೀರಿನ ಯೋಜನೆಯನ್ನೇ ಆರಿಸಿಕೊಂಡರೆ ಆಕೆ ಮೊದಲು ಆ ಕರಾರನ್ನು ಷರತ್ತುಗಳ ಸಮೇತ ಓದಿ ಮುಗಿಸಲಿ, ಅನಂತರ ಪಾಲಿಕೆಯ ಠರಾವುಗಳನ್ನು ಕೇಳಿ ಅರ್ಜಿ ಹಾಕಲಿ. ಮಾರ್ಗದರ್ಶಕರನ್ನು ಕಾಣಲು ಹೋಗುವುದು ಈ ಎರಡೂ ಕೈಯಲ್ಲಿದ್ದಾಗ.

– ಸಂಪಾದಕ